ಪೈಪ್ ಒಳಗಿದ್ದರೆ ಉಸಿರು ಎಲ್ಲಿಂದ?

ಬ್ರಾಂಕೋಸ್ಕೋಪಿ, ಅಂದರೆ ಕ್ಯಾಮರಾ ಇರುವ ಸಣ್ಣ ಪೈಪನ್ನು ಶ್ವಾಸನಾಳದೊಳಗೆ ಇಳಿಸಿ ನೋಡುವ ಪರೀಕ್ಷೆ ಮಾಡಿಸಬೇಕು ಅಂತ ಡಾಕ್ಟರು ಹೇಳಿದಾಗಿನಿಂದ ನನ್ನ ತಲೆಯಲ್ಲಿ ಇದ್ದದ್ದು ಒಂದೇ ಪ್ರಶ್ನೆ. ಉಸಿರಾಡುವ ದಾರಿಯೊಳಗೇ ಪೈಪ್ ಹಾಕಿದರೆ ನಾನು ಉಸಿರಾಡುವುದು ಹೇಗೆ? ಕಾಯಿಲೆ ಏನಿರಬಹುದು ಅನ್ನುವ ಚಿಂತೆ ಆಮೇಲಿನದು. ಮನೆಯವರೆಲ್ಲ ಟಿಬಿಯೋ, ಕ್ಯಾನ್ಸರೋ ಅಂತ ಒಳಗೊಳಗೇ ಲೆಕ್ಕ ಹಾಕುತ್ತಿದ್ದರು. ನನಗೆ ಮಾತ್ರ ಆ ಪೈಪಿನದೇ ಧ್ಯಾನ.

ನಾನು ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕ ಹತ್ತಿರದ ಒಂದು ಕನ್ನಡ ಶಾಲೆಯಲ್ಲಿ ಟೀಚರ್. ಮಳೆಗಾಲದಲ್ಲಿ ಹಿಡಿದ ಕೆಮ್ಮು ಅಡಿಕೆ ಕೊಯ್ಲು ಬಂದರೂ ಬಿಡಲಿಲ್ಲ. ಜೀರಿಗೆ, ಕೊತ್ತಂಬರಿ, ಕಾಳುಮೆಣಸಿನ ಕಷಾಯ ಆಯಿತು. ಆಡುಸೋಗೆ ಎಲೆಯ ರಸಕ್ಕೆ ಜೇನು ಹಾಕಿ ಕುಡಿದದ್ದೂ ಆಯಿತು. ಎರಡು ವಾರಕ್ಕಿಂತ ಜಾಸ್ತಿ ಕೆಮ್ಮಿದ್ದರೆ ಕಫ ಪರೀಕ್ಷೆ ಮಾಡಿಸಿ ಅಂತ ನಮ್ಮ ಶಾಲೆಯ ಗೋಡೆಯಲ್ಲೇ ಪೋಸ್ಟರ್ ಇದೆ. ಮಾಡಿಸಿದೆ. ಆದರೆ ನನ್ನದು ಒಣ ಕೆಮ್ಮು. ಡಬ್ಬಿಯಲ್ಲಿ ಬಿದ್ದದ್ದು ಬರೀ ಎಂಜಲು. ಅದರಲ್ಲಿ ಏನೂ ಸಿಗಲಿಲ್ಲ. ಎಕ್ಸ್‌ರೇಯಲ್ಲಿ ಮಾತ್ರ ಬಲ ಶ್ವಾಸಕೋಶದ ಮೇಲ್ಭಾಗದಲ್ಲಿ ಒಂದು ಮಬ್ಬು ಕಲೆ ಕಂಡಿತು. ಸಿಟಿ ಸ್ಕ್ಯಾನಿನಲ್ಲಿ ಅದು ಇನ್ನೂ ಸ್ಪಷ್ಟವಾಯಿತು. ಕಫ ತಾನಾಗಿ ಬರದಿದ್ದರೆ ಒಳಗೇ ಹೋಗಿ ತರಬೇಕು, ಅಷ್ಟೆ. ಅದಕ್ಕೇ ಈ ಸ್ಕೋಪ್.

ಮಾಡಿಸುವುದು ಮಂಗಳೂರಿನಲ್ಲಿ ಅಂತ ಯಾರೂ ಚರ್ಚೆ ಮಾಡಲೇ ಇಲ್ಲ. ಕಾಸರಗೋಡಿನವರಿಗೆ ತಿರುವನಂತಪುರ ರಾಜ್ಯದ ಇನ್ನೊಂದು ತುದಿ. ಮಂಗಳೂರು ಐವತ್ತು ಕಿಲೋಮೀಟರ್. ಹೆರಿಗೆ, ಹೃದಯ, ಕಿಡ್ನಿ, ಎಲ್ಲಕ್ಕೂ ನಾವು ತಲಪಾಡಿ ಗಡಿ ದಾಟಿಯೇ ಹೋಗುವುದು. 2020ರ ಲಾಕ್‌ಡೌನಿನಲ್ಲಿ ಆ ಗಡಿ ಮುಚ್ಚಿ, ರೋಗಿಗಳು ಆಂಬುಲೆನ್ಸಿನಲ್ಲೇ ಸಿಕ್ಕಿಹಾಕಿಕೊಂಡು, ವಿಷಯ ಕೇರಳ ಹೈಕೋರ್ಟಿಗೂ ಸುಪ್ರೀಂ ಕೋರ್ಟಿಗೂ ಹೋದದ್ದು ನಮ್ಮ ಕಡೆ ಇನ್ನೂ ಯಾರಿಗೂ ಮರೆತಿಲ್ಲ. ನಮ್ಮ ಅತ್ತಿಗೆ ಈಗಲೂ ತಲಪಾಡಿ ದಾಟುವಾಗ, "ಇವತ್ತು ರಸ್ತೆ ಇದೆಯಲ್ಲ, ಪುಣ್ಯ" ಅನ್ನುತ್ತಾರೆ.

ನನ್ನ ಹೆದರಿಕೆಗೆ ಒಂದು ಹಳೆಯ ಬೇರು ಇದೆ. ನಮ್ಮ ಕಡೆಯ ಗುಡ್ಡಗಳಲ್ಲಿ ಸುರಂಗಗಳಿವೆ ಅಲ್ವಾ, ಮುರಕಲ್ಲನ್ನು ಅಡ್ಡಕ್ಕೆ ಕೊರೆದು ನೀರು ತರುವವು. ತವರುಮನೆಯ ಹಿಂದೆಯೂ ಒಂದಿತ್ತು. ಚಿಕ್ಕವಳಿದ್ದಾಗ ಅಣ್ಣಂದಿರ ಹಿಂದೆ ಅದರೊಳಗೆ ಹೋಗಿ, ತಿರುವಿನಲ್ಲಿ ಬೆಳಕು ಕಾಣದೇ ಹೋದಾಗ ಉಸಿರೇ ನಿಂತ ಹಾಗಾಗಿತ್ತು. ಹೊರಗೆ ಎಳೆದು ತಂದ ಮೇಲೂ ಎಷ್ಟೋ ಹೊತ್ತು ಬಾಯಿ ಕಳೆದು ಗಾಳಿ ಎಳೆಯುತ್ತಿದ್ದೆನಂತೆ. ಅವತ್ತಿನಿಂದ ಲಿಫ್ಟಿಗೂ ನನಗೂ ಅಷ್ಟಕ್ಕಷ್ಟೆ. ಈಗ ಮೊಬೈಲಿನಲ್ಲಿ ಬ್ರಾಂಕೋಸ್ಕೋಪಿಯ ವಿಡಿಯೋ ಹಾಕಿದರೆ ಕಂಡದ್ದು ಸಾಕ್ಷಾತ್ ಸುರಂಗ. ಒದ್ದೆ ಗೋಡೆ, ಕವಲು, ಆ ಕವಲಿಗೆ ಇನ್ನೊಂದು ಕವಲು. ಬಣ್ಣ ಒಂದು ಮಾತ್ರ ಬೇರೆ. ಅರ್ಧಕ್ಕೇ ಮೊಬೈಲ್ ಕವುಚಿ ಇಟ್ಟೆ.

ವಿಡಿಯೋಗಳ ಬಗ್ಗೆ ನನ್ನ ಅಭಿಪ್ರಾಯ ಹೇಳಿಯೇ ಬಿಡುತ್ತೇನೆ. ಅವು ಕಲಿಯುವ ಡಾಕ್ಟರುಗಳಿಗೆ ಮಾಡಿದವು. ಕ್ಯಾಮರಾಕ್ಕೆ ಏನು ಕಾಣುತ್ತದೆ ಅಂತ ತೋರಿಸುತ್ತವೆ. ಮಲಗಿದವರಿಗೆ ಏನು ಅನಿಸುತ್ತದೆ ಅಂತ ತೋರಿಸುವುದಿಲ್ಲ. ನಮಗೆ ಬೇಕಾದದ್ದು ಆ ಎರಡನೆಯದು.

ಸಮಾಧಾನ ಹೇಳುವವರಿಗೇನೂ ಕಡಿಮೆ ಇರಲಿಲ್ಲ. ಕಾಸರಗೋಡಿನಲ್ಲಿ ಸಮಾಧಾನವೂ ಹಲವು ಭಾಷೆಗಳಲ್ಲಿ ಬರುತ್ತದೆ. ಹಾಲಿನ ಸೊಸೈಟಿಯಲ್ಲಿ ತುಳುವಿನಲ್ಲಿ "ದಾಲಾ ಆಪುಜಿ ಟೀಚರ್", ಏನೂ ಆಗುವುದಿಲ್ಲ ಅಂದರು. ಸ್ಟಾಫ್ ರೂಮಿನ ಮಲಯಾಳಂ ಟೀಚರ್ "ಪೇಡಿಕ್ಕಂಡ", ಹೆದರಬೇಡಿ ಅಂತ ಕೈ ಹಿಡಿದರು. ಪಕ್ಕದ ಮನೆಯ ಭಾವ ತನಗೆ ಎಂಡೋಸ್ಕೋಪಿ ಮಾಡಿದ ಕಥೆಯನ್ನು ಹೊಟ್ಟೆಯಿಂದ ಶುರು ಮಾಡಿ ಹೊಟ್ಟೆಯಲ್ಲೇ ಮುಗಿಸಿದರು. ಎಲ್ಲರದ್ದೂ ಒಳ್ಳೆಯ ಮನಸ್ಸೇ. ಆದರೆ ಹೆದರಬೇಡ ಅಂದ ಕೂಡಲೇ ಹೋಗುವ ಹೆದರಿಕೆ ಆದರೆ ಅದು ಹೆದರಿಕೆಯೇ ಅಲ್ಲ.

ಕೊನೆಗೆ ನನಗೆ ಗೊತ್ತಿರುವ ಕೆಲಸವನ್ನೇ ಮಾಡಿದೆ. ಒಂದು ಹಾಳೆ ತೆಗೆದುಕೊಂಡು ಪ್ರಶ್ನೆಪತ್ರಿಕೆ ಬರೆದೆ. ತಲೆಯಲ್ಲಿ ಸುತ್ತುವುದನ್ನೆಲ್ಲ, ಎಷ್ಟೇ ದಡ್ಡ ಪ್ರಶ್ನೆಯಾದರೂ ಸರಿ, ಬರೆದುಬಿಡುವುದು. ಉಸಿರು ಎಲ್ಲಿಂದ? ಕೆಮ್ಮು ಬಂದರೆ? ವಾಂತಿ ಬಂದರೆ? ಮಧ್ಯದಲ್ಲಿ ಸಾಕು ಅನಿಸಿದರೆ ಹೇಳುವುದು ಹೇಗೆ? ಎಚ್ಚರ ಇರುತ್ತದಾ? ಎಷ್ಟು ಹೊತ್ತು? ಬೆಳಗ್ಗೆ ಬಿಪಿ ಮಾತ್ರೆ ತೆಗೆದುಕೊಳ್ಳಬೇಕಾ? ನನ್ನ ಸ್ವರಕ್ಕೆ ಏನಾದರೂ ಆಗುತ್ತದಾ? ಟೀಚರ್‌ಗೆ ಸ್ವರ ಹೋದರೆ ಉಳಿಯುವುದೇನು, ಹೇಳಿ.

ಪರೀಕ್ಷೆಗೆ ಮುಂಚಿನ ಭೇಟಿಯಲ್ಲಿ ಆ ಹಾಳೆ ಡಾಕ್ಟರ ಮೇಜಿನ ಮೇಲೆ ಇಟ್ಟೆ. ಅವರು ನಗಲಿಲ್ಲ. ಪೆನ್ ತೆಗೆದು ಒಂದೊಂದಕ್ಕೇ ಉತ್ತರ ಹೇಳುತ್ತಾ ಟಿಕ್ ಹಾಕಿದರು.

"ಟೀಚರ್, ದೊಡ್ಡವರ ಶ್ವಾಸನಾಳ ಹೆಚ್ಚುಕಡಿಮೆ ಒಂದೂವರೆಯಿಂದ ಎರಡು ಸೆಂಟಿಮೀಟರ್ ಅಗಲ ಇರುತ್ತದೆ. ನಮ್ಮ ಸ್ಕೋಪ್ ಐದಾರು ಮಿಲಿಮೀಟರ್. ಸುತ್ತ ಇರುವ ಜಾಗದಲ್ಲಿ ಗಾಳಿ ಹೋಗಿ ಬರುತ್ತದೆ. ಮೂಗಿಗೆ ಆಮ್ಲಜನಕದ ಸಣ್ಣ ನಳಿಗೆ ಬೇರೆ ಹಾಕುತ್ತೇವೆ. ಬೆರಳಿಗೆ ಕ್ಲಿಪ್ ಇರುತ್ತದೆ. ಆಮ್ಲಜನಕ ಸ್ವಲ್ಪ ಇಳಿದರೂ ನಿಮಗಿಂತ ಮೊದಲು ನಮಗೆ ಗೊತ್ತಾಗುತ್ತದೆ."

ಮನೆಗೆ ಬಂದು ಲೆಕ್ಕ ಹಾಕಿದೆ. ನಾಳದ ವ್ಯಾಸ 15 ಮಿಲಿಮೀಟರ್, ಸ್ಕೋಪಿನದು 6 ಅಂತ ಇಟ್ಟುಕೊಂಡರೆ, ವರ್ಗ ಮಾಡಿದಾಗ 225ಕ್ಕೆ 36. ಅಂದರೆ ಆರರಲ್ಲಿ ಒಂದು ಪಾಲನ್ನೂ ಅದು ತುಂಬುವುದಿಲ್ಲ. ಉಳಿದ ಐದು ಪಾಲು ನನ್ನದೇ. ಯಾರ ಯಾವ ಮಾತೂ ಕೊಡದ ಧೈರ್ಯವನ್ನು ಈ ಲೆಕ್ಕ ಕೊಟ್ಟಿತು. ಇನ್ನು ಧ್ವನಿಪೆಟ್ಟಿಗೆ ಹತ್ತಿರ ಇಷ್ಟು ಜಾಗ ಇಲ್ಲ, ಅಲ್ಲಿ ದಾಟುವಾಗ ಕೆಮ್ಮು ಬಂದೇ ಬರುತ್ತದೆ ಅಂತಲೂ ಡಾಕ್ಟರು ಮುಚ್ಚಿಡದೆ ಹೇಳಿದ್ದರು. "ಆ ಒಂದು ಕ್ಷಣ ಉಸಿರು ಸಿಕ್ಕಿಹಾಕಿಕೊಂಡ ಹಾಗೆ ಅನಿಸುತ್ತದೆ. ಅನಿಸುತ್ತದೆ ಅಷ್ಟೆ. ಗಾಳಿ ಹೋಗುತ್ತಲೇ ಇರುತ್ತದೆ." ಈ ಮಾತು ಆಮೇಲೆ ಬಹಳ ಉಪಯೋಗಕ್ಕೆ ಬಂತು.

ಪೈಪ್ ಧ್ವನಿತಂತುಗಳ ಮಧ್ಯದಿಂದ ಹೋಗುವುದರಿಂದ ಮಾತಾಡಲು ಆಗುವುದಿಲ್ಲ. ಸಾಕು ಅನಿಸಿದರೆ ಎಡಗೈ ಎತ್ತಬೇಕು, ಅವರು ನಿಲ್ಲಿಸುತ್ತಾರೆ. ನಿದ್ದೆ ಬರಿಸುವ ಇಂಜೆಕ್ಷನ್ ಕೊಡುತ್ತಾರೆ. ಆದರೆ ಅದು ಆಪರೇಷನ್ನಿನ ಹಾಗೆ ಪೂರ್ತಿ ಪ್ರಜ್ಞೆ ತಪ್ಪಿಸುವುದಲ್ಲ. ಮಂಪರು ಬರುತ್ತದೆ, ಕರೆದರೆ ಕೇಳಿಸುತ್ತದೆ, ಆಮೇಲೆ ಬಹಳಷ್ಟು ನೆನಪಿರುವುದಿಲ್ಲ. ಕೆಲವು ಕಡೆ ಗಂಟಲು ಮರಗಟ್ಟಿಸುವ ಔಷಧ ಮಾತ್ರ ಹಾಕಿ ಮಾಡುವುದೂ ಉಂಟು. "ನನಗೆ ತುಂಬಾ ಹೆದರಿಕೆ, ಇಂಜೆಕ್ಷನ್ ಬೇಕೇ ಬೇಕು" ಅಂತ ನಾನು ನೇರವಾಗಿ ಕೇಳಿದೆ. ಹೀಗೆ ಕೇಳುವುದಕ್ಕೆ ನಾಚಿಕೆಪಡುವವರು ತುಂಬಾ ಜನ. ಏಕೆ ನಾಚಿಕೆ? ಹಲ್ಲು ಕೀಳಿಸುವಾಗ ಇಂಜೆಕ್ಷನ್ ಬೇಡ ಅನ್ನುತ್ತೇವಾ?

ಬಿಪಿ ಮಾತ್ರೆ ಬೆಳಗ್ಗೆ ಒಂದು ಗುಟುಕು ನೀರಲ್ಲಿ ತೆಗೆದುಕೊಳ್ಳಲು ಹೇಳಿದರು. ಅಲ್ಲೇ ಕೂತಿದ್ದ ಒಬ್ಬ ಹಿರಿಯರಿಗೆ ಹೃದಯದ ಸ್ಟೆಂಟಿಗೆ ಅಂತ ಕೊಟ್ಟ ರಕ್ತ ತೆಳು ಮಾಡುವ ಮಾತ್ರೆ ಇತ್ತು. ಅವರ ಹೃದಯದ ಡಾಕ್ಟರನ್ನು ಕೇಳಿ, ಕೆಲವು ದಿನ ನಿಲ್ಲಿಸಬಹುದು ಅಂದರೆ ಮಾತ್ರ ಬರಲು ಹೇಳಿ ಕಳಿಸಿದರು. ಅಂಥ ಮಾತ್ರೆ ನುಂಗುವವರು ಅದನ್ನು ಮೊದಲೇ ಹೇಳಬೇಕು. ತಾವಾಗಿಯೇ ನಿಲ್ಲಿಸಲೂ ಬಾರದು.

ರಾತ್ರಿ ನಿದ್ದೆ ಬರದಿದ್ದಾಗ ಈ ಸ್ಕೋಪಿನ ಚರಿತ್ರೆಯನ್ನೂ ಓದಿದೆ. 1897ರಲ್ಲಿ ಜರ್ಮನಿಯ ಗುಸ್ತಾವ್ ಕಿಲಿಯನ್ ಅನ್ನುವ ವೈದ್ಯ ಒಬ್ಬ ರೈತನ ಶ್ವಾಸನಾಳದಲ್ಲಿ ಸಿಕ್ಕಿದ್ದ ಎಲುಬಿನ ತುಂಡನ್ನು ಗಟ್ಟಿ ಲೋಹದ ಕೊಳವೆ ಹಾಕಿ ತೆಗೆದಿದ್ದರು. ಬಾಗುವ ಪೈಪ್ ಬಂದದ್ದು 1960ರ ದಶಕದಲ್ಲಿ, ಜಪಾನಿನ ಶಿಗೆಟೊ ಇಕೆಡಾ ಅವರಿಂದ. ಆ ರೈತನನ್ನು ನೆನೆಸಿಕೊಂಡರೆ ನನ್ನ ಪಾಡು ಎಷ್ಟೋ ವಾಸಿ ಅನಿಸಿತು. ಜಪಾನಿಗೆ ಮನಸ್ಸಿನಲ್ಲೇ ಒಂದು ನಮಸ್ಕಾರ ಹಾಕಿದೆ.

ಇನ್ನೊಂದು ತಯಾರಿ ಉಸಿರಿನದು. ಹೆದರಿಕೆ ಆದಾಗ ನಾನು ಗಬಗಬ ಉಸಿರು ಎಳೆಯುತ್ತೇನೆ. ಹಾಗೆ ಮಾಡಿದರೆ ಗಾಳಿ ಜಾಸ್ತಿ ಸಿಗುತ್ತದೆ ಅನ್ನುವುದು ಭ್ರಮೆ. ಇಂಗಾಲದ ಡೈಆಕ್ಸೈಡ್ ಬೇಕಾದದ್ದಕ್ಕಿಂತ ಹೆಚ್ಚು ಹೊರಗೆ ಹೋಗಿ ಬೆರಳು ಜುಮುಜುಮು ಅನ್ನುತ್ತದೆ, ತಲೆ ಹಗುರಾಗುತ್ತದೆ, ಆಗ ಹೆದರಿಕೆ ಇನ್ನೂ ಏರುತ್ತದೆ. ಉಸಿರು ಬಿಡುವುದನ್ನು ಉದ್ದ ಮಾಡಿದರೆ ಎದೆಬಡಿತ ಇಳಿಯುತ್ತದೆ. ನಾಲ್ಕು ಎಣಿಸಿ ಎಳೆದುಕೊಳ್ಳುವುದು, ಆರು ಎಣಿಸಿ ಬಿಡುವುದು. ಆದರೆ ನಾಲ್ಕು, ಆರು ಎಣಿಸುವುದು ನನ್ನ ಮನಸ್ಸಿಗೆ ತೀರಾ ಸುಲಭದ ಕೆಲಸ. ಎಣಿಸುತ್ತಲೇ ಅದು ಪೈಪಿನ ಹತ್ತಿರ ಓಡುತ್ತಿತ್ತು. ಅದಕ್ಕೆ ಹದಿನೇಳರ ಮಗ್ಗಿ ಹಿಡಿದೆ. ಹದಿನೇಳೊಂದ್ಲ ಹದಿನೇಳು ಅಂತ ಒಂದು ಉಸಿರು ಬಿಡುವುದು, ಹದಿನೇಳೆರಡ್ಲ ಮೂವತ್ತನಾಲ್ಕು ಅಂತ ಇನ್ನೊಂದು. ಮಗ್ಗಿಗಳಲ್ಲಿ ಹದಿನೇಳರದ್ದೇ ಕಿರಿಕಿರಿ. ಅದು ನಾಲಿಗೆಗೆ ತಾನಾಗಿ ಬರುವುದಿಲ್ಲ, ಯೋಚನೆ ಮಾಡಲೇಬೇಕು. ಪಾತ್ರೆ ತೊಳೆಯುವಾಗ, ಬಸ್ಸಿನಲ್ಲಿ, ಮಕ್ಕಳು ನಕಲು ಬರೆಯುವಾಗ, ಸುಮ್ನೆ ಅಭ್ಯಾಸ ಮಾಡಿದೆ. ಹೆದರಿಕೆ ಬಂದ ಮೇಲೆ ಕಲಿಯಲು ಆಗುವುದಿಲ್ಲ. ಮೊದಲೇ ರೂಢಿ ಆಗಿರಬೇಕು.

ಹಿಂದಿನ ರಾತ್ರಿ ಬೇಗ ಗಂಜಿ ಊಟ. ಘನ ಆಹಾರ ಪರೀಕ್ಷೆಗೆ ಆರು ಗಂಟೆ ಮೊದಲೇ ನಿಲ್ಲಿಸಬೇಕು, ಬರೀ ನೀರಾದರೆ ಎರಡು ಗಂಟೆ ಮೊದಲಿನವರೆಗೆ ಆಗಬಹುದು. ಬೆಳಗ್ಗೆ ಕಾಫಿ ಇಲ್ಲದೆ ಹೊರಟದ್ದು ನನ್ನ ಪ್ರಕಾರ ಇಡೀ ಪ್ರಕರಣದ ದೊಡ್ಡ ಹಿಂಸೆ. ಇವರು ಕಾರು ಓಡಿಸಿದರು. ಹಿಂದಿನ ಸೀಟಿನಲ್ಲಿ ನಾನು ಮತ್ತು ಅತ್ತಿಗೆ. ಕುಂಬಳೆಯಿಂದ ತೊಕ್ಕೊಟ್ಟಿನವರೆಗೆ ಅತ್ತಿಗೆ ತನ್ನ ಚಿಕ್ಕಮ್ಮನ ಮಗನ ಮದುವೆಯಲ್ಲಿ ಸೀರೆ ಉಡುಗೊರೆಗೆ ನಡೆದ ಜಗಳವನ್ನು ಬಿಡಿಸಿ ಬಿಡಿಸಿ ಹೇಳಿದರು. ಕಾಯಿಲೆಯ ಮಾತು ಒಂದೂ ಎತ್ತಲಿಲ್ಲ. ಜೊತೆಗೆ ಬರುವವರು ಇಂಥವರೇ ಆಗಬೇಕು.

ಆಸ್ಪತ್ರೆಯಲ್ಲಿ ಎಂಟಕ್ಕೆ ಬನ್ನಿ ಅಂದವರು ಒಳಗೆ ಕರೆದದ್ದು ಹತ್ತೂವರೆಯ ಮೇಲೆ. ಖಾಲಿ ಹೊಟ್ಟೆಯವರನ್ನು ಕಾಯಿಸುವುದಾದರೆ ಕಾರಣವನ್ನಾದರೂ ಹೇಳಬಹುದಿತ್ತು. ಆ ಎರಡೂವರೆ ಗಂಟೆಯಲ್ಲಿ ಹೆದರಿಕೆ ದುಪ್ಪಟ್ಟಾಯಿತು. ನಡುವೆ ಒಬ್ಬ ಎಳೆಯ ಡಾಕ್ಟರು ಒಪ್ಪಿಗೆ ಪತ್ರ ತಂದು ರಕ್ತಸ್ರಾವ, ಶ್ವಾಸಕೋಶದ ಸುತ್ತ ಗಾಳಿ ತುಂಬುವುದು ಅಂತ ಒಂದೇ ಉಸಿರಿನಲ್ಲಿ ಓದಿದರು. ಇವರ ಮುಖ ಸಣ್ಣಗಾಯಿತು. "ನನಗೆ ಇದರಲ್ಲಿ ಯಾವುದರ ಸಾಧ್ಯತೆ ಎಷ್ಟು, ಆದರೆ ಏನು ಮಾಡುತ್ತೀರಿ?" ಅಂತ ಕೇಳಿದೆ. ಗಾಳಿ ತುಂಬುವ ಅಪಾಯ ಮುಖ್ಯವಾಗಿ ಆಳದಿಂದ ಚೂರು ಕತ್ತರಿಸಿ ತೆಗೆಯುವಾಗ, ನಿಮಗೆ ಇವತ್ತು ನೀರು ಹಾಕಿ ತೊಳೆದು ತೆಗೆಯುವುದೇ ಮುಖ್ಯ ಕೆಲಸ ಅಂದರು. ಸಹಿ ಹಾಕಿದೆ, ಕನ್ನಡದಲ್ಲಿ.

ಬಳೆ, ಕಿವಿಯೋಲೆ, ಹೇರ್‌ಪಿನ್ನು ಎಲ್ಲ ತೆಗೆದು ಅತ್ತಿಗೆ ಕೈಗೆ ಕೊಟ್ಟೆ. ಕರಿಮಣಿ ತೆಗೆಯುವಾಗ ಒಂದು ನಿಮಿಷ ಕೈ ತಡೆಯಿತು. ಅತ್ತಿಗೆಯೇ, "ಕೊಡು, ನನ್ನ ಕೊರಳಲ್ಲಿ ಹಾಕಿಕೊಂಡಿರುತ್ತೇನೆ, ಕಳೆಯುವುದಿಲ್ಲ" ಅಂದರು.

ನನ್ನ ಅನುಭವದಲ್ಲಿ ನಿಜವಾದ ಕಷ್ಟ ಬಂದದ್ದು ಪೈಪಿಗಿಂತ ಮೊದಲು, ಗಂಟಲು ಮರಗಟ್ಟಿಸುವಾಗ. ಇದರ ಬಗ್ಗೆ ಯಾರೂ ಎಚ್ಚರಿಸಿರಲಿಲ್ಲ, ಅದಕ್ಕೇ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಮೊದಲು ಮುಖಕ್ಕೆ ಮಾಸ್ಕ್ ಹಾಕಿ ಲಿಗ್ನೋಕೇನ್ ಆವಿ ಕೊಟ್ಟರು. ಆಮೇಲೆ ಮೂಗಿಗೆ ಅದೇ ಔಷಧದ ಜೆಲ್. ಆಮೇಲೆ ಬಾಯಿ ಕಳೆಸಿ ಗಂಟಲಿಗೆ ಸ್ಪ್ರೇ. ವಿಪರೀತ ಕಹಿ. ಒಂದೆರಡು ನಿಮಿಷದಲ್ಲಿ ನಾಲಿಗೆಯ ಬುಡ ದಪ್ಪಗಾದ ಹಾಗೆ, ಗಂಟಲು ಬಾತುಕೊಂಡು ಮುಚ್ಚಿದ ಹಾಗೆ ಅನಿಸಿತು. ಎಂಜಲು ನುಂಗಲು ನೋಡಿದೆ, ನುಂಗಿದ್ದು ಗೊತ್ತೇ ಆಗಲಿಲ್ಲ. ಎದೆ ದಢದಢ ಅನ್ನತೊಡಗಿತು. ಸುರಂಗದ ಆ ತಿರುವು ಕಣ್ಣೆದುರು ಬಂತು. ನಾನು ಎದ್ದು ಕೂತೇ ಬಿಟ್ಟೆ.

ನರ್ಸ್ ಕಣ್ಣೂರು ಕಡೆಯ ಹುಡುಗಿ. ಓಡಿ ಬಂದವಳು ಹೆದರಬೇಡಿ ಅನ್ನಲಿಲ್ಲ. "ಟೀಚರ್, ಆ ಅನ್ನಿ" ಅಂದಳು. ಅಂದೆ. ಸ್ವರ ಬಂತು. "ಸ್ವರ ಬಂದರೆ ಗಾಳಿ ಹೋಗುತ್ತಿದೆ ಅಂತ ಲೆಕ್ಕ. ಗಂಟಲು ಮುಚ್ಚಿಲ್ಲ, ಗಂಟಲಿಗೆ ಗೊತ್ತಾಗುತ್ತಿಲ್ಲ ಅಷ್ಟೆ. ಎಂಜಲು ನುಂಗಬೇಡಿ, ಇದರಲ್ಲಿ ಉಗಿಯಿರಿ." ಟ್ರೇ ಕೈಗೆ ಕೊಟ್ಟು ಬೆರಳಿನ ಕ್ಲಿಪ್ ತೋರಿಸಿದಳು. ಆಮ್ಲಜನಕ ನೂರಕ್ಕೆ 98 ಇತ್ತು. ನನ್ನ ಮನಸ್ಸು ಉಸಿರು ನಿಂತಿತು ಅನ್ನುತ್ತಿದೆ, ಮೆಷಿನ್ 98 ಅನ್ನುತ್ತಿದೆ. ಮೆಷಿನನ್ನೇ ನಂಬುವುದು ಅಂತ ತೀರ್ಮಾನ ಮಾಡಿ ಮೂಗಿನಲ್ಲಿ ಉಸಿರು ಎಳೆದು ನಿಧಾನ ಬಿಡತೊಡಗಿದೆ.

ಒಳಗಿನ ಕೋಣೆಯ ಬಗ್ಗೆ ಹೇಳುವುದು ಕಡಿಮೆ. ತೋಳಿಗೆ ಬಿಪಿ ಪಟ್ಟಿ, ಮೂಗಿಗೆ ಆಮ್ಲಜನಕ, ಔಷಧ ಸಿಡಿಯಬಾರದು ಅಂತ ಕಣ್ಣಿಗೆ ಒಂದು ಬಟ್ಟೆ. ಬಟ್ಟೆ ಬೇಡ ಅಂದೆ, ಕತ್ತಲೆ ಆಗುವುದಿಲ್ಲ ನನಗೆ. ಕಣ್ಣು ಮುಚ್ಚಿಕೊಂಡಿರಿ ಸಾಕು ಅಂತ ಬಿಟ್ಟರು. ಕೈಯ ಸೂಜಿಯಲ್ಲಿ ಮಂಪರು ಬರಿಸುವ ಔಷಧ ಮಿಡಾಜೋಲಾಮ್ ಹೋಯಿತು. ಭುಜಗಳು ಸಡಿಲವಾದವು. ಮೂಗಿನಲ್ಲಿ ಏನೋ ಒತ್ತಿದ ಹಾಗೆ, ನೋವಲ್ಲ. ಆಮೇಲೆ ಡಾಕ್ಟರು, "ಟೀಚರ್, ಈಗ ಧ್ವನಿಪೆಟ್ಟಿಗೆಗೆ ಔಷಧ ಬಿಡುತ್ತೇವೆ, ಕೆಮ್ಮು ಬರುತ್ತದೆ" ಅಂದರು. ಬಂತು, ಜೋರಾಗಿಯೇ ಬಂತು. ಉಸಿರು ಸಿಕ್ಕಿಹಾಕಿಕೊಂಡ ಹಾಗೆ ಅನಿಸಿತು. ಅನಿಸುತ್ತದೆ ಅಷ್ಟೆ ಅಂದಿದ್ದರಲ್ಲ, ಹಾಗಾಗಿ ಕೈ ಎತ್ತಲಿಲ್ಲ. ಹದಿನೇಳಾರ್ಲ ನೂರ ಎರಡು. ಹದಿನೇಳೇಳ್ಲ ನೂರ ಹತ್ತೊಂಬತ್ತು. ಮುಂದಿನದು ನೆನಪಿಲ್ಲ. ಎದೆಯೊಳಗೆ ಒಂದು ತಂಪು ಹರಿದ ಹಾಗೆ, ಸರ್ ಅಂತ ಹೀರುವ ಸದ್ದು, ಯಾರೋ ಭುಜದ ಮೇಲೆ ಕೈ ಇಟ್ಟದ್ದು, ಇಷ್ಟೇ ಚೂರು ಚೂರಾಗಿ ಉಳಿದಿದೆ. ಉಪ್ಪುನೀರು ಬಿಟ್ಟು ವಾಪಸ್ ಹೀರಿ ತೆಗೆಯುವುದೇ ಆ ತೊಳೆಯುವಿಕೆ. ಹೊರಗೆ ಕೂತ ಇವರ ಲೆಕ್ಕದಲ್ಲಿ ಎಲ್ಲ ಸೇರಿ ಇಪ್ಪತ್ತು ನಿಮಿಷ.

ಆಮೇಲೆ ಎರಡು ಗಂಟೆ ಒಂದು ಹನಿ ನೀರೂ ಇಲ್ಲ. ಗಂಟಲಿಗೆ ಅರಿವು ಬರುವ ಮೊದಲು ಕುಡಿದರೆ ನೀರು ಶ್ವಾಸಕೋಶಕ್ಕೇ ಇಳಿಯಬಹುದು. ಮೊದಲು ಒಂದು ಗುಟುಕು ನೀರು ಕುಡಿಸಿ ನೋಡಿದರು, ಕೆಮ್ಮು ಬರಲಿಲ್ಲ. ಆಮೇಲೆ ಕ್ಯಾಂಟೀನಿನ ಕಾಫಿ. ಅಷ್ಟು ಕೆಟ್ಟ ಕಾಫಿಯನ್ನು ಅಷ್ಟು ಪ್ರೀತಿಯಿಂದ ನಾನು ಕುಡಿದೇ ಇಲ್ಲ. ಇಪ್ಪತ್ತನಾಲ್ಕು ಗಂಟೆ ವಾಹನ ಓಡಿಸಬಾರದು, ಯಾವ ಕಾಗದಕ್ಕೂ ಸಹಿ ಹಾಕಬಾರದು ಅಂದರು. ಮರುದಿನದ ಸಹಕಾರಿ ಸಂಘದ ಜಾಮೀನು ಸಹಿ ತಪ್ಪಿಸಿಕೊಳ್ಳಲು ಇದನ್ನೇ ನೆಪ ಮಾಡಲಾ ಅಂತ ಇವರು ಕೇಳಿದರು.

ಸಂಜೆ ಸ್ವರ ಒಡೆದಿತ್ತು. ಕಫದಲ್ಲಿ ಒಂದೆರಡು ಕೆಂಪು ಗೆರೆ. ರಾತ್ರಿ ಸ್ವಲ್ಪ ಚಳಿಜ್ವರ. ಇದೆಲ್ಲ ಆಗಬಹುದು, ಒಂದು ದಿನದಲ್ಲಿ ಇಳಿಯುತ್ತದೆ ಅಂತ ಮೊದಲೇ ಹೇಳಿದ್ದರಿಂದ ಪ್ಯಾರಾಸಿಟಮಾಲ್ ನುಂಗಿ ಮಲಗಿದೆ. ಎದೆನೋವು, ಏದುಸಿರು, ಕೆಂಪು ಗೆರೆಯ ಬದಲು ರಕ್ತವೇ ಬರುವುದು, ಬಿಡದ ಜ್ವರ, ಇವುಗಳಲ್ಲಿ ಯಾವುದಾದರೂ ಕಂಡರೆ ಕಾಯದೆ ವಾಪಸ್ ಬನ್ನಿ ಅಂತಲೂ ಬರೆದು ಕೊಟ್ಟಿದ್ದರು. ಯಾವುದೂ ಆಗಲಿಲ್ಲ. ಸ್ವರ ಎರಡು ದಿನದಲ್ಲಿ ಸರಿಯಾಯಿತು.

ತೊಳೆದು ತೆಗೆದ ನೀರಿನಲ್ಲಿ ಟಿಬಿ ಸಿಕ್ಕಿತು. ಜೀನ್‌ಎಕ್ಸ್‌ಪರ್ಟ್ ಯಂತ್ರ ಎರಡು ಗಂಟೆಯ ಒಳಗೇ ಹೇಳಿಬಿಡುತ್ತದಂತೆ, ವರದಿ ನಮ್ಮ ಕೈಗೆ ಬಂದದ್ದು ಮರುದಿನ. ರಿಫಾಂಪಿಸಿನ್ ಔಷಧಕ್ಕೆ ಬಗ್ಗುವ ಟಿಬಿ ಅಂತಲೂ ಅದರಲ್ಲೇ ಇತ್ತು. ಆರು ತಿಂಗಳ ಮಾತ್ರೆ, ನಮ್ಮೂರಿನ ಪ್ರಾಥಮಿಕ ಆರೋಗ್ಯ ಕೇಂದ್ರದಿಂದಲೇ, ಖರ್ಚಿಲ್ಲದೆ. ಡಾಕ್ಟರು ಹೇಳುವವರೆಗೆ ಶಾಲೆಗೆ ರಜೆ. ಮನೆಯವರೆಲ್ಲರಿಗೂ ತಪಾಸಣೆ ಆಯಿತು. ಕಾಯಿಲೆಯ ಹೆಸರು ಗೊತ್ತಾದ ದಿನ ರಾತ್ರಿ ನಾನು ಚೆನ್ನಾಗಿ ನಿದ್ದೆ ಮಾಡಿದೆ. ಇವರು ಮಾಡಲಿಲ್ಲ.

ಮೊನ್ನೆ ಸ್ಟಾಫ್ ರೂಮಿನ ಮಲಯಾಳಂ ಟೀಚರ್ ಫೋನ್ ಮಾಡಿದರು. ಅವರ ಅಮ್ಮನಿಗೂ ಇದೇ ಪರೀಕ್ಷೆ ಮಾಡಿಸಲು ಡಾಕ್ಟರು ಬರೆದುಕೊಟ್ಟಿದ್ದಾರಂತೆ, ಅಮ್ಮ ಊಟ ಬಿಟ್ಟು ಕೂತಿದ್ದಾರಂತೆ. ನನ್ನ ಪ್ರಶ್ನೆಗಳ ಹಾಳೆಯ ಫೋಟೋ ತೆಗೆದು ಕಳಿಸಿದೆ. ಅಮ್ಮ ಅದನ್ನು ಮಗಳ ಕೈಯಲ್ಲಿ ಮಲಯಾಳಂನಲ್ಲಿ ಓದಿಸಿಕೊಂಡು, ಸ್ವರದ ಪ್ರಶ್ನೆ ನನಗೆ ಬೇಡ, ಈ ವಯಸ್ಸಿನಲ್ಲಿ ನಾನೇನು ಪಾಠ ಮಾಡಬೇಕಾ ಅಂತ ಹೊಡೆದು ಹಾಕಿಸಿದರಂತೆ. ಅದರ ಜಾಗದಲ್ಲಿ ತಮ್ಮದೊಂದು ಸೇರಿಸಿದ್ದಾರೆ: ಹಲ್ಲಿನ ಸೆಟ್ ತೆಗೆಯಬೇಕಾ, ತೆಗೆದರೆ ಡಾಕ್ಟರ ಎದುರು ಹಾಗೇ ಬಾಯಿ ಬಿಡಬೇಕಾ? ತೆಗೆಯಲೇಬೇಕು ಅಂತ ಹೇಳಿದ್ದೇನೆ. ಎರಡನೆಯದನ್ನು ಅವರೇ ಕೇಳುತ್ತಾರಂತೆ.